ಆಟದ ಲ್ಯಾಪ್‌ಟಾಪು ಮತ್ತು ಮನೆಯ ಲೆಕ್ಕ

ಜತ್ತದ ಯಲ್ಲಮ್ಮನ ಜಾತ್ರೆಯ ದನಗಳ ಪೇಟೆಗೆ ಖಿಲಾರಿ ಎತ್ತು ಕೊಳ್ಳಲು ಬಂದ ರೈತನು ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ; ಬೆನ್ನಿನ ಮೇಲೆ ಹೊದಿಸಿದ ಝೂಲಿಗೂ ಬೆಲೆ ಕಟ್ಟುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಗೊರಸನ್ನು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲೂರುವ ಬಗೆಯನ್ನು ಗಮನಿಸುತ್ತಾನೆ. ತನ್ನ ಹೊಲ ಎರೆಯೋ ಮಸಾರಿಯೋ, ಎತ್ತು ಬೇಕಾದದ್ದು ಗಳೆಗೋ ಗಾಡಿಗೋ ಎಂಬುದು ಮನೆ ಬಿಡುವ ಮೊದಲೇ ನಿಶ್ಚಯವಾಗಿರುತ್ತದೆ. ಚೀಲದಲ್ಲಿ ಎಷ್ಟು ಹಣವಿದೆ ಎಂಬುದನ್ನು ಅವನು ದಲಾಲನಿಗೆ ಹೇಳುವುದಿಲ್ಲ. ತಾನು ಮಾತ್ರ ಮರೆಯುವುದೂ ಇಲ್ಲ. ಇಂಥ ರೈತನ ಮಗನೋ ಮಗಳೋ ಐಚ್ಛಿಕ ಕನ್ನಡ ಓದುತ್ತ, ಬಿಡುವಿನಲ್ಲಿ ಮೊಬೈಲಿನಲ್ಲಿ ‘ಗೇಮಿಂಗ್ ಲ್ಯಾಪ್‌ಟಾಪು’ಗಳ ಜಾಹೀರಾತು ನೋಡುವಾಗ ತಲೆಮಾರುಗಳಿಂದ ಬಂದ ಈ ಜಾಣತನವನ್ನು ಬದಿಗಿಡುವುದು ಸೋಜಿಗದ ಸಂಗತಿ. ಕೆಂಪು, ನೀಲಿ, ಹಸಿರು ದೀಪ ಸೂಸುವ ಕೀಲಿಮಣೆ ಕೊಂಬಿನ ಬಣ್ಣವಲ್ಲದೆ ಮತ್ತೇನು?

ಇದನ್ನು ಆಟದ ಮೇಲಿನ ಆಕ್ಷೇಪವೆಂದು ತಿಳಿಯಬೇಕಾಗಿಲ್ಲ. ಆಡುವ ಬಯಕೆ ಮನುಷ್ಯನ ಸಹಜ ಬಯಕೆ. ಗುಡಿಯ ಕಟ್ಟೆಯ ಕಲ್ಲಿನಲ್ಲಿ ಹುಲಿಮನೆ ಕೊರೆದವರು, ಪಗಡೆಯ ಹಾಸು ಹೊಲಿದವರು, ಚೆನ್ನಮಣೆಯ ಗುಳಿಗಳಿಗೆ ಹುಣಸೆಬೀಜ ತುಂಬಿದವರು ಕೆಲಸಗೇಡಿಗಳಾಗಿರಲಿಲ್ಲ. ಪಂಪನ ಕಾವ್ಯದಲ್ಲಿಯೂ ಕುಮಾರವ್ಯಾಸನ ಕಾವ್ಯದಲ್ಲಿಯೂ ದ್ಯೂತಪ್ರಸಂಗವನ್ನು ಓದಿದ ವಿದ್ಯಾರ್ಥಿಗೆ ಒಂದು ಸಂಗತಿ ತಿಳಿದಿರುತ್ತದೆ: ಧರ್ಮರಾಯನ ಕೇಡು ನೆತ್ತದ ಹಲಗೆಯಲ್ಲಿರಲಿಲ್ಲ, ಪಣಕ್ಕೆ ಮೇರೆ ಇಲ್ಲದಿರುವಲ್ಲಿತ್ತು. ತನ್ನದನ್ನಷ್ಟೇ ಅಲ್ಲದೆ ತನ್ನವರನ್ನೂ ಪಣಕ್ಕಿಟ್ಟನು. ಸೀಮಿತ ಹಣದಲ್ಲಿ ಆಟದ ಯಂತ್ರ ಕೊಳ್ಳುವವನ ಮುಂದಿರುವ ಪ್ರಶ್ನೆಯೂ ಇದೇ. ಮೇರೆ ಎಲ್ಲಿ? ಮತ್ತು ಪಣಕ್ಕಿಟ್ಟ ಹಣ ಯಾರದು?

ಜತ್ತ ತಾಲೂಕಿನ ಮಟ್ಟಿಗೆ ಈ ಎರಡನೆಯ ಪ್ರಶ್ನೆ ಹಗುರವಾದದ್ದಲ್ಲ. ಸಾಂಗಲಿ ಜಿಲ್ಲೆಯ ಪೂರ್ವದ ತುದಿಯ ಈ ಸೀಮೆ ಮಳೆಯ ನೆರಳಿನಲ್ಲಿದೆ. ಉಮದಿ, ಸಂಖ, ಬಿಳೂರು, ಮಾಡಗ್ಯಾಳದ ಕಡೆಯ ಮನೆಗಳ ಆದಾಯ ದಾಳಿಂಬೆ, ದ್ರಾಕ್ಷಿ, ಜೋಳ, ಕುರಿ, ಕೊಳವೆಬಾವಿಯ ನೀರು ಇವುಗಳನ್ನು ನಂಬಿಕೊಂಡಿರುತ್ತದೆ. ಹಣ ತಿಂಗಳು ತಿಂಗಳಿಗೆ ಬರುವುದಿಲ್ಲ; ಫಸಲು ಮಾರಿದಾಗ ಒಮ್ಮೆಗೆ ಬಂದು, ಮುಂದಿನ ಫಸಲಿನವರೆಗೆ ಇಳಿಯುತ್ತ ಹೋಗುತ್ತದೆ. ಇಂಥ ಮನೆಯಲ್ಲಿ ಅರವತ್ತು ಸಾವಿರ ರೂಪಾಯಿ ಒಂದು ಅಂಕಿಯಾಗಿ ಉಳಿಯುವುದಿಲ್ಲ. ಅದು ಒಂದು ಹಂಗಾಮಿನ ಔಷಧಿ ಗೊಬ್ಬರ. ಇಲ್ಲವೆ ತಂಗಿಯ ಮುಂದಿನ ವರ್ಷದ ಶುಲ್ಕ.

ಆದ್ದರಿಂದಲೇ ಆಟದ ಲ್ಯಾಪ್‌ಟಾಪಿನ ಮಾತು ಮನೆಯಲ್ಲಿ ಹೆಚ್ಚಾಗಿ ಸುಳ್ಳಿನಿಂದ ಆರಂಭವಾಗುತ್ತದೆ. “ಅಪ್ಪಾ, ಅಭ್ಯಾಸಕ್ಕ ಬೇಕಾಗೇತಿ” ಎಂದು ಮಗ ಹೇಳುತ್ತಾನೆ. “ಅಭ್ಯಾಸಕ್ಕಂದ್ರ ಆಗಲಿ ತಮ್ಮಾ” ಎಂದು ತಂದೆ ಒಪ್ಪುತ್ತಾನೆ. ಈ ಸಂಭಾಷಣೆಯಲ್ಲಿ ನೀತಿಯ ದೋಷವಿದೆ ಎಂಬುದು ಎಲ್ಲರಿಗೂ ಗೊತ್ತು. ವ್ಯವಹಾರದ ದೋಷವೂ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಉದ್ದೇಶವನ್ನು ಮರೆಮಾಚಿದವನು ಅಂಗಡಿಯಲ್ಲಿಯೂ ಅದನ್ನು ಬಿಚ್ಚಿ ಹೇಳಲಾರ, ಜೊತೆಗೆ ಬಂದ ತಂದೆಯ ಎದುರು “ಇದರಲ್ಲಿ ಈ ಆಟ ನಡೆಯುತ್ತದೆಯೆ?” ಎಂದು ಕೇಳಲಾರ. ಕೊನೆಗೆ ಆಟಕ್ಕೆ ಸಾಲದ, ಅಭ್ಯಾಸಕ್ಕೆ ಮಿಗಿಲಾದ, ಎರಡೂ ಕಡೆ ನಷ್ಟವಾಗುವ ಯಂತ್ರ ಮನೆಗೆ ಬರುತ್ತದೆ.

ಕನ್ನಡ ವಿದ್ಯಾರ್ಥಿಯ ಅಭ್ಯಾಸಕ್ಕೆ ನಿಜವಾಗಿ ಬೇಕಾದದ್ದು ಏನು? ‘ನುಡಿ’ಯಲ್ಲೋ ಯೂನಿಕೋಡಿನಲ್ಲೋ ಪ್ರಬಂಧ ಬೆರಳಚ್ಚು ಮಾಡುವುದು, ನಿಘಂಟು ತೆರೆಯುವುದು, ‘ಭಾರತವಾಣಿ’ಯಂಥ ತಾಣಗಳಲ್ಲಿ ಪುಸ್ತಕ ಓದುವುದು, ಊರಿನ ಹಂತಿಪದವನ್ನೋ ಬೀಸುವ ಪದವನ್ನೋ ಧ್ವನಿಮುದ್ರಿಸಿಕೊಂಡು ಕೇಳಿ ಬರೆದುಕೊಳ್ಳುವುದು. ಇವುಗಳಲ್ಲಿ ಯಾವುದಕ್ಕೂ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು ಬೇಡ. 8 ಜಿ.ಬಿ. ರ‍್ಯಾಮ್ ಇರುವ ಸಾಧಾರಣ ಯಂತ್ರ ಸಾಕು. ಹಗುರವಾಗಿದ್ದು ಬ್ಯಾಟರಿ ಹೆಚ್ಚು ಹೊತ್ತು ಬಂದರೆ ಇನ್ನೂ ಒಳಿತು. ದೃಶ್ಯ ಸಂಕಲನ ಮಾಡುವವರಿಗೆ ಮಾತ್ರ ಗ್ರಾಫಿಕ್ಸ್ ಚಿಪ್ಪಿನಿಂದ ಪ್ರಯೋಜನವುಂಟು. ಉಳಿದವರು ಅದಕ್ಕಾಗಿ ಕೊಡುವ ಹೆಚ್ಚಿನ ಹಣ ಆಟಕ್ಕೇ ಕೊಡುವ ಹಣ. ಅದನ್ನು ಹಾಗೆಂದೇ ಒಪ್ಪಿಕೊಂಡರೆ ಲೆಕ್ಕ ಸುಲಭವಾಗುತ್ತದೆ: ಇಷ್ಟು ಅಭ್ಯಾಸಕ್ಕೆ, ಮೇಲಿನ ಇಷ್ಟು ಆಟಕ್ಕೆ. ಆಟದ ಪಾಲು ಮನೆಗೆ ಭಾರವಾಗದಷ್ಟಿದ್ದರೆ ಅದು ತಪ್ಪಲ್ಲ.

ಲೆಕ್ಕ ಒಪ್ಪಿದ ಮೇಲೆ ಮೊದಲು ನಿಶ್ಚಯಿಸಬೇಕಾದದ್ದು ಆಡುವ ಆಟ ಯಾವುದು ಎಂಬುದನ್ನು. ವಿದ್ಯಾರ್ಥಿಗಳಲ್ಲಿ ಬಹುಜನಪ್ರಿಯವಾದ ಬಿ.ಜಿ.ಎಮ್.ಐ. ಮೊಬೈಲಿಗಾಗಿಯೇ ರಚಿತವಾದ ಆಟ. ಅದೊಂದನ್ನೇ ಆಡುವವನಿಗೆ ಲ್ಯಾಪ್‌ಟಾಪಿನ ಅಗತ್ಯವೇ ಇಲ್ಲ. 2020ರಲ್ಲಿ ಬಂದ ‘ವ್ಯಾಲೊರಂಟ್’ ಸಾಧಾರಣ ಯಂತ್ರಗಳಲ್ಲಿಯೂ ನಡೆಯಲೆಂದು ರೂಪಿಸಿದ ಆಟ. ಇತ್ತೀಚಿನ ಪ್ರೊಸೆಸರುಗಳ ಒಳಗೇ ಇರುವ ಗ್ರಾಫಿಕ್ಸ್ ಅದಕ್ಕೆ ಸಾಲುತ್ತದೆ. 2015ರಲ್ಲಿ ಕಂಪ್ಯೂಟರಿಗೆ ಬಂದ ‘ಜಿ.ಟಿ.ಎ. 5’ ಕೂಡ ದೃಶ್ಯದ ಮಟ್ಟವನ್ನು ತಗ್ಗಿಸಿಕೊಂಡರೆ ಅಂಥ ಯಂತ್ರದಲ್ಲಿ ನಡೆದೀತು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನು ನಿಜವಾಗಿ ಬೇಡುವುದು ಈಚಿನ ವರ್ಷಗಳ ದೊಡ್ಡ ಆಟಗಳು. ಪ್ರತಿ ಆಟದ ತಯಾರಕರೂ ‘ಕನಿಷ್ಠ’ ಮತ್ತು ‘ಶಿಫಾರಸು ಮಾಡಿದ’ ಎಂಬ ಎರಡು ಪಟ್ಟಿಗಳನ್ನು ಪ್ರಕಟಿಸುತ್ತಾರೆ. ಆಡಬೇಕೆಂದಿರುವ ಮೂರು ಆಟಗಳ ಹೆಸರನ್ನು ಕಾಗದದ ಮೇಲೆ ಬರೆದು, ಅವುಗಳ ಎರಡನೆಯ ಪಟ್ಟಿಯನ್ನು ಎದುರಿಗೆ ಬರೆದುಕೊಂಡವನಿಗೆ ಅರ್ಧ ಆಯ್ಕೆ ಮುಗಿದಂತೆ. ಎಲ್ಲ ಆಟಗಳನ್ನೂ ಆಡುವೆನೆಂದು ಹೊರಟವನಿಗೆ ಯಾವ ಮೊತ್ತವೂ ಸಾಲದು.

ಅನಂತರ ಹಣದ ಮೇರೆ. ಮನೆಯಲ್ಲಿ ಒಪ್ಪಿದ ಮೊತ್ತ 60,000 ರೂಪಾಯಿ ಎಂದಿಟ್ಟುಕೊಂಡರೆ ಅಷ್ಟೂ ಲ್ಯಾಪ್‌ಟಾಪಿನ ಬೆಲೆಯಾಗಬಾರದು. ಮೌಸು, ಚೀಲ, ವೋಲ್ಟೇಜಿನ ಏರಿಳಿತ ತಡೆಯುವ ಸ್ಪೈಕ್ ಗಾರ್ಡು, ವಾರಂಟಿಯ ವಿಸ್ತರಣೆ, ಮುಂದೆಂದೋ ಕೊಳ್ಳಬೇಕಾದ ರ‍್ಯಾಮ್ ಇವುಗಳಿಗೆಂದು ಹತ್ತರಲ್ಲಿ ಒಂದು ಪಾಲನ್ನಾದರೂ ತೆಗೆದಿಡಬೇಕು. ಆಗ ಯಂತ್ರದ ಮೇರೆ 54,000 ಆಗುತ್ತದೆ. ಕೆಲವು ಯಂತ್ರಗಳು ವಿಂಡೋಸ್ ಇಲ್ಲದೆ ಮಾರಾಟಕ್ಕಿರುವುದರಿಂದ ಅಗ್ಗವಾಗಿ ಕಾಣುತ್ತವೆ. ಲಿನಕ್ಸ್ ಉಚಿತವಾಗಿ ಸಿಗುತ್ತದೆ, ಕನ್ನಡದ ಕೆಲಸಕ್ಕೆ ಚೆನ್ನಾಗಿಯೂ ಇದೆ. ಆದರೆ ವ್ಯಾಲೊರಂಟಿನಂಥ ಆಟಗಳು ಅದರಲ್ಲಿ ನಡೆಯುವುದಿಲ್ಲ. ಹೀಗೆ ಉಳಿಸಿದ ಹಣವನ್ನು ವಿಂಡೋಸಿಗೆ ಮತ್ತೆ ತೆರಬೇಕಾಗುತ್ತದೆ.

ಬಡ್ಡಿಯಿಲ್ಲದ ಕಂತು ಎಂಬ ಆಹ್ವಾನವನ್ನೂ ಬಿಡಿಸಿ ಓದಬೇಕು. ರೊಕ್ಕಕ್ಕೆ ಕೊಂಡವನಿಗೆ ಸಿಗುವ ರಿಯಾಯಿತಿ ಕಂತಿನವನಿಗೂ ಸಿಗುತ್ತದೆಯೆ, ಪ್ರೊಸೆಸಿಂಗ್ ಶುಲ್ಕ ಎಷ್ಟು, ಒಂದು ಕಂತು ತಪ್ಪಿದರೆ ದಂಡವೆಷ್ಟು ಎಂದು ಕೇಳಿದರೆ ಬಡ್ಡಿ ಯಾವ ಹೆಸರಿನಲ್ಲಿ ಅಡಗಿದೆ ಎಂಬುದು ಹೊರಬೀಳುತ್ತದೆ. ಕಂತು ತಿಂಗಳ ಸಂಬಳದವರಿಗಾಗಿ ಹುಟ್ಟಿದ ಪದ್ಧತಿ. ಫಸಲಿನ ಹಣದ ಮನೆಗೆ ಅದು ಹೊಂದುವುದು ಕಷ್ಟ.

ಈ ಮೊತ್ತದೊಳಗೆ ಎಲ್ಲವೂ ಉತ್ತಮವಾಗಿರುವ ಯಂತ್ರ ಸಿಗುವುದಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು. ಏನನ್ನು ಬಿಡುವುದು ಎಂಬುದಕ್ಕೆ ಒಂದು ಸರಳ ಸೂತ್ರವಿದೆ: ಮುಂದೆ ಬದಲಾಯಿಸಲು ಬಾರದ್ದಕ್ಕೆ ಇಂದು ಹಣ ಹಾಕಬೇಕು; ಮುಂದೆ ಸೇರಿಸಬಹುದಾದ್ದನ್ನು ಮುಂದಿನ ಫಸಲಿಗೆ ಬಿಡಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ಪುಗಳನ್ನು ಇಂದಿನ ಲ್ಯಾಪ್‌ಟಾಪುಗಳಲ್ಲಿ ಮೂಲ ಹಲಗೆಗೇ ಬೆಸೆದಿರುತ್ತಾರೆ. ಪರದೆಯನ್ನೂ ಗಾಳಿಯಾಡುವ ವ್ಯವಸ್ಥೆಯನ್ನೂ ಆಮೇಲೆ ಉತ್ತಮಪಡಿಸುವುದು ದುಸ್ತರ. ರ‍್ಯಾಮ್ ಮತ್ತು ಎಸ್.ಎಸ್.ಡಿ.ಗಳನ್ನು ಮಾತ್ರ, ಒಳಗೆ ಖಾಲಿ ಜಾಗವಿದ್ದರೆ, ಒಂದು ಸ್ಕ್ರೂ ಬಿಚ್ಚುವ ಕೆಲಸದಷ್ಟು ಸುಲಭವಾಗಿ ಹೆಚ್ಚಿಸಬಹುದು. ಹೀಗಾಗಿ ದುರ್ಬಲ ಚಿಪ್ಪಿನ ಜೊತೆ 16 ಜಿ.ಬಿ. ರ‍್ಯಾಮ್ ಇರುವ ಯಂತ್ರಕ್ಕಿಂತ, ಒಳ್ಳೆಯ ಚಿಪ್ಪಿನ ಜೊತೆ 8 ಜಿ.ಬಿ. ಮತ್ತು ಒಂದು ಖಾಲಿ ಜಾಗ ಇರುವ ಯಂತ್ರ ಮೇಲು. ಆದರೆ ಆ ಖಾಲಿ ಜಾಗ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಕೆಲವು ತೆಳುವಾದ ಮಾದರಿಗಳಲ್ಲಿ ರ‍್ಯಾಮನ್ನೂ ಬೆಸೆದಿರುತ್ತಾರೆ.

ಇಲ್ಲಿ ಕನ್ನಡ ವಿದ್ಯಾರ್ಥಿಯ ಓದು ನೆರವಿಗೆ ಬರಬೇಕು. ಯಂತ್ರದ ವಿವರಪಟ್ಟಿಯೂ ಒಂದು ಪಠ್ಯವೇ. ಕಾವ್ಯಮೀಮಾಂಸೆಯಲ್ಲಿ ಧ್ವನಿಯ ಪಾಠ ಕೇಳಿದವನಿಗೆ, ಹೇಳಿದ್ದಕ್ಕಿಂತ ಹೇಳದೆ ಉಳಿದದ್ದರ ಕಡೆಗೆ ಗಮನ ಹರಿಯಬೇಕೆಂಬುದು ಗೊತ್ತು. ಕಾವ್ಯದಲ್ಲಿ ಹೇಳದೆ ಉಳಿದದ್ದು ಓದುಗನ ಲಾಭ. ವಿವರಪಟ್ಟಿಯಲ್ಲಿ ಹೇಳದೆ ಉಳಿದದ್ದು ಕೊಳ್ಳುವವನ ನಷ್ಟ. ಒಂದು ಉದಾಹರಣೆ ಸಾಕು. ಸೀಮಿತ ಹಣದ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ‘ಆರ್.ಟಿ.ಎಕ್ಸ್. 3050’ ಎಂಬ ಚಿಪ್ಪನ್ನು ಲ್ಯಾಪ್‌ಟಾಪಿನಲ್ಲಿ 35 ವ್ಯಾಟಿನಿಂದ 80 ವ್ಯಾಟಿನವರೆಗೆ ಎಷ್ಟು ವಿದ್ಯುತ್ತಿನಲ್ಲಿ ಬೇಕಾದರೂ ನಡೆಸಲು ಅವಕಾಶವಿದೆ. ಹೆಸರು ಒಂದೇ, ಪೆಟ್ಟಿಗೆಯ ಮೇಲಿನ ಚೀಟಿ ಒಂದೇ. ಕಡಿಮೆ ವಿದ್ಯುತ್ತು ಪಡೆದ ಚಿಪ್ಪು ಓಟದಲ್ಲಿ ಬಹಳ ಹಿಂದೆ ಬೀಳುತ್ತದೆ. ಅದೇ ಹೆಸರಿನಲ್ಲಿ 4 ಜಿ.ಬಿ. ಮೆಮೊರಿಯದೂ ಇದೆ, 6 ಜಿ.ಬಿ.ಯದೂ ಇದೆ. ಆದ್ದರಿಂದ “ಗ್ರಾಫಿಕ್ಸ್ ಕಾರ್ಡು ಇದೆಯೆ?” ಎಂಬ ಪ್ರಶ್ನೆ ಸಾಲದು, “ಯಾವುದು, ಎಷ್ಟು ವ್ಯಾಟಿನದು, ಮೆಮೊರಿ ಎಷ್ಟು?” ಎಂದು ಕೇಳಬೇಕು. ಇದೇ ಹಲ್ಲು ನೋಡುವ ಕ್ರಮ.

ಪರದೆಯ ವಿಷಯದಲ್ಲಿಯೂ ಹಾಗೆಯೇ. 144 ಹರ್ಟ್ಜ್ ಎಂಬುದು ಪರದೆಯು ಸೆಕೆಂಡಿಗೆ 144 ಬಾರಿ ಚಿತ್ರ ಬದಲಾಯಿಸಬಲ್ಲುದು ಎಂಬ ಭರವಸೆ. ಚಿಪ್ಪು ಸೆಕೆಂಡಿಗೆ 50 ಚಿತ್ರಗಳನ್ನಷ್ಟೇ ರಚಿಸಬಲ್ಲುದಾದರೆ ಉಳಿದ ಸಾಮರ್ಥ್ಯ ಪೆಟ್ಟಿಗೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಸಂಖ್ಯೆಗಿಂತ ಮೊದಲು ಪರದೆಯ ಹೊಳಪನ್ನೂ ಬಣ್ಣವನ್ನೂ ಅಂಗಡಿಯಲ್ಲಿ ಕಣ್ಣಾರೆ ನೋಡಬೇಕು. ಪೂರ್ಣ ಎಚ್.ಡಿ., ಅಂದರೆ 1920×1080, ಇದಕ್ಕೆ ಕಡಿಮೆಯಾದುದನ್ನು ಕೊಳ್ಳಲಾಗದು. ಒತ್ತಕ್ಷರದ ಮೇಲೆ ಒತ್ತಕ್ಷರ ಬರುವ ಹಳಗನ್ನಡದ ಪುಟವನ್ನು ಅಲ್ಲಿಯೇ ತೆರೆದು, ಅದು ಸ್ಪಷ್ಟವಾಗಿ ಕಾಣುತ್ತದೆಯೆ ಎಂದು ಪರೀಕ್ಷಿಸುವ ವಿದ್ಯಾರ್ಥಿ ಆಟಕ್ಕೂ ಅಭ್ಯಾಸಕ್ಕೂ ಒಂದೇ ಬಾರಿಗೆ ನ್ಯಾಯ ಸಲ್ಲಿಸಿದಂತೆ.

ಇನ್ನು ಊರಿನ ಹವೆ. ಆಟ ನಡೆಯುವಾಗ ಚಿಪ್ಪುಗಳು 80-90 ಡಿಗ್ರಿ ಬಿಸಿಯೇರುವುದು ಸಾಮಾನ್ಯ. ಫ್ಯಾನು ಕೋಣೆಯ ಗಾಳಿಯನ್ನೇ ಎಳೆದು ಅವುಗಳನ್ನು ತಂಪಾಗಿಸುತ್ತದೆ. ತಗಡಿನ ಚಾವಣಿಯ ಕೆಳಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ, ಆ ಗಾಳಿಯೇ ಕಾದಿರುತ್ತದೆ. ಬಿಸಿ ಮಿತಿ ಮೀರಿದಾಗ ಯಂತ್ರ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಕೊಟ್ಟ ಹಣದ ಒಂದು ಭಾಗ ಅಷ್ಟರಮಟ್ಟಿಗೆ ಆವಿಯಾಗುತ್ತದೆ. ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿಯ ಕಿಂಡಿಗಳು ಮುಚ್ಚುತ್ತವೆ. ಹೊಲದ ದೂಳು ಅವುಗಳಲ್ಲಿ ಕಟ್ಟಿಕೊಳ್ಳುತ್ತದೆ. ತೆಳುವಾದ ಅಂದದ ಮಾದರಿಗಿಂತ ದಪ್ಪನೆಯ, ಎರಡು ಫ್ಯಾನಿನ ಮಾದರಿ ಈ ಸೀಮೆಗೆ ತಕ್ಕದ್ದು. ಇಂಥ ಯಂತ್ರ ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ ಎಂಬುದನ್ನೂ, ವಿದ್ಯುತ್ತು ಹೋದಾಗ ಬ್ಯಾಟರಿಯ ಮೇಲೆ ಆಟ ಹೆಚ್ಚು ಹೊತ್ತು ಸಾಗದು, ಸಾಗಿದಷ್ಟು ಹೊತ್ತೂ ಮಂದವಾಗಿರುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. 180 ವ್ಯಾಟಿನ ಅಡಾಪ್ಟರ್ ದಿನಕ್ಕೆ ಮೂರು ತಾಸು ಪೂರ್ಣ ಭಾರದಲ್ಲಿ ನಡೆದರೆ ತಿಂಗಳಿಗೆ ಸುಮಾರು 16 ಯೂನಿಟ್ ವಿದ್ಯುತ್ತು ತಗಲುತ್ತದೆ. ಅದೂ ಮನೆಯ ಬಿಲ್ಲಿನಲ್ಲಿಯೇ ಬರುತ್ತದೆ.

ಜಾಹೀರಾತಿನಲ್ಲಿ ಎಲ್ಲಿಯೂ ಬಾರದ ಇನ್ನೊಂದು ವೆಚ್ಚ ಇಂಟರ್‌ನೆಟ್ಟಿನದು. ಇಂದಿನ ದೊಡ್ಡ ಆಟಗಳಲ್ಲಿ ಹಲವು ಒಂದೊಂದೇ 100 ಜಿ.ಬಿ.ಯನ್ನು ಮೀರುತ್ತವೆ. ದಿನಕ್ಕೆ 2 ಜಿ.ಬಿ. ಸಿಗುವ ಮೊಬೈಲ್ ಪ್ಯಾಕಿನಿಂದ ಅಂಥ ಒಂದು ಆಟವನ್ನು ಇಳಿಸಿಕೊಳ್ಳಲು, ಬೇರೆ ಯಾವುದಕ್ಕೂ ಬಳಸದಿದ್ದರೂ, ಐವತ್ತು ದಿನ ಬೇಕು. 512 ಜಿ.ಬಿ. ಎಂದು ಮಾರುವ ಎಸ್.ಎಸ್.ಡಿ. ವಿಂಡೋಸಿನಲ್ಲಿ ಸುಮಾರು 476 ಎಂದು ತೋರುತ್ತದೆ. ವಿಂಡೋಸ್ ತನ್ನ ಪಾಲನ್ನು ಪಡೆದ ಮೇಲೆ ದೊಡ್ಡ ಆಟಗಳು ಮೂರೋ ನಾಲ್ಕೋ ಹಿಡಿಸಬಹುದು. ಹಳ್ಳಿಯಲ್ಲಿ ಫೈಬರ್ ಸಂಪರ್ಕವಿಲ್ಲದ ಮನೆಗೆ ದೊಡ್ಡ ಆಟಗಳ ಯಂತ್ರವೆಂದರೆ ಬಾವಿಯಿಲ್ಲದ ಹೊಲಕ್ಕೆ ತಂದ ದೊಡ್ಡ ಪಂಪು.

ದುರಸ್ತಿಯ ಮಾತನ್ನು ಕೊಳ್ಳುವ ಮೊದಲೇ ಆಡಬೇಕು. ಕೆಟ್ಟ ಯಂತ್ರವನ್ನು ಹೊತ್ತು ಸಾಂಗಲಿಗೋ ವಿಜಯಪುರಕ್ಕೋ ಹೋಗಿ ಬರುವುದು ಒಂದು ದಿನದ ಕೆಲಸ. ಎರಡು ಸಲ ಹೋಗಬೇಕಾದರೆ ಎರಡು ದಿನದ ತರಗತಿಗಳು ತಪ್ಪುತ್ತವೆ. ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ತಮ್ಮ ಊರಿನ ಪಿನ್‌ಕೋಡಿಗೆ ಅನ್ವಯಿಸುತ್ತದೆಯೆ ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಜಿ.ಎಸ್.ಟಿ. ಬಿಲ್ಲು ಇರಬೇಕು; ಅದರ ಮೇಲೆ ಯಂತ್ರದ ಕ್ರಮಸಂಖ್ಯೆ ಇರಬೇಕು. ಬಿಲ್ಲು ಬೇಡವೆಂದರೆ ಇಷ್ಟು ಬಿಡುತ್ತೇನೆ ಎಂಬ ಮಾತಿಗೆ ಮರುಳಾದವನು ನಾಳೆ ಯಾರ ಬಾಗಿಲನ್ನೂ ತಟ್ಟಲಾರ. ಬಿಲ್ಲಿದ್ದವನಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದರೂ ಇದೆ.

ಕೈ ಬದಲಿಸಿದ ಯಂತ್ರಗಳ ಆಸೆಯೂ ಹಲವರಿಗಿದೆ. ಅದು ತಪ್ಪಲ್ಲ, ಆದರೆ ಎಚ್ಚರ ಬೇಕು. ವಿಂಡೋಸ್ 10ರ ಉಚಿತ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಿಗೆ ಬಹುಮಟ್ಟಿಗೆ ವಿಂಡೋಸ್ 11ರ ಅಧಿಕೃತ ಮನ್ನಣೆಯಿಲ್ಲ. ಹಳೆಯ ಆಟದ ಯಂತ್ರ ವರ್ಷಗಟ್ಟಲೆ ಬಿಸಿಯಲ್ಲಿ ದುಡಿದಿರುತ್ತದೆ, ಬ್ಯಾಟರಿ ಸವೆದಿರುತ್ತದೆ. ಅರ್ಧ ತಾಸು ಆಟ ಆಡಿಸಿ ನೋಡದೆ ಅಂಥದನ್ನು ಕೊಳ್ಳಬಾರದು. ಮನೆಯಿಂದಲೇ ಕಾಲೇಜಿಗೆ ಓಡಾಡುವವರು ಡೆಸ್ಕ್‌ಟಾಪಿನ ವಿಚಾರವನ್ನೂ ಮಾಡಬಹುದು. ಸಾಮಾನ್ಯವಾಗಿ ಅದೇ ಹಣಕ್ಕೆ ಅದು ಹೆಚ್ಚು ಕಸುವು ಕೊಡುತ್ತದೆ, ತಣ್ಣಗಿರುತ್ತದೆ, ಒಂದೊಂದೇ ಭಾಗವನ್ನು ಬದಲಾಯಿಸಿಕೊಳ್ಳಲೂ ಬರುತ್ತದೆ. ಮನೆಯಲ್ಲಿ ನಾಲ್ಕು ಜನ ನೋಡುವಲ್ಲಿ ಅದು ಇರುವುದರಿಂದ, ಅಣ್ಣನಿಗೆ ಬಂದ ಯಂತ್ರ ತಂಗಿಯ ಪ್ರಬಂಧಕ್ಕೂ ಒದಗುತ್ತದೆ. ಆಟದ ಆಸೆ ಹುಡುಗರದಷ್ಟೇ ಎಂದು ತಿಳಿದ ಮನೆಗಳಲ್ಲಿ ಇದು ಸಣ್ಣ ಲಾಭವಲ್ಲ.

ಕೊನೆಯದಾಗಿ ಒಂದು ಭ್ರಮೆಯ ಬಗ್ಗೆ. ಆಟದಿಂದಲೇ ಹಣ ಬರುತ್ತದೆ, ಯಂತ್ರದ ಸಾಲ ತಾನೇ ತೀರುತ್ತದೆ ಎಂಬ ಮಾತು ಕೇಳಿಬರುತ್ತಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಪದಕಗಳಿದ್ದವು. ಭಾರತದ 2025ರ ಆನ್‌ಲೈನ್ ಆಟಗಳ ಕಾಯಿದೆಯೂ ಇ-ಕ್ರೀಡೆಯನ್ನು ಮನ್ನಿಸಿದೆ. ಅದೇ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ ಎಂಬುದನ್ನು ಮರೆಯಲಾಗದು. ಕುಸ್ತಿಯ ಕಣಕ್ಕಿಳಿದವರೆಲ್ಲ ಕೇಸರಿಗಳಾಗುವುದಿಲ್ಲ. ಹಾಗೆಂದು ಗರಡಿಗೆ ಹೋಗುವುದು ತಪ್ಪೂ ಅಲ್ಲ. ಮೈಗೆ ಒಳಿತೆಂದು ಹೋಗಬೇಕು, ಗದೆಯ ಮೇಲೆ ಸಾಲ ತಂದು ಹೋಗಬಾರದು. ಆಟದ ಯಂತ್ರ ಸಂತೋಷಕ್ಕಾಗಿ ಮಾಡುವ ವೆಚ್ಚ. ಅದನ್ನು ಬಂಡವಾಳವೆಂದು ಕರೆದ ಕೂಡಲೆ ಪಣದ ಮೇರೆ ಸಡಿಲವಾಗುತ್ತದೆ.

ಈ ವರ್ಷ ಹಣ ಒದಗದಿದ್ದರೆ ಕಾಯುವುದರಿಂದ ನಷ್ಟವಿಲ್ಲ. ಅಲ್ಲಿಯವರೆಗೆ ಪ್ರಬಂಧಗಳಿಗೆ ಕಾಲೇಜಿನ ಗಣಕ ಕೋಣೆ ಇದೆ. ಹಣ ಒದಗಿದ ದಿನ, ಮೂರು ಆಟಗಳ ಹೆಸರು, ಹಣದ ಮೇರೆ, ಚಿಪ್ಪಿನ ವ್ಯಾಟು ಬರೆದ ಆ ಕಾಗದವನ್ನು ಅಂಗಡಿಗೆ ಒಯ್ಯುವ ಮೊದಲು ಮನೆಯ ಜಗಲಿಯ ಮೇಲೆ ಬಿಚ್ಚಬೇಕು. “ಅಪ್ಪಾ, ಅಭ್ಯಾಸಕ್ಕ ಇಷ್ಟು ಸಾಕು. ಮ್ಯಾಲಿಂದು ಆಡಾಕ ಬೇಕು. ಆಗತದೋ ಇಲ್ಲೋ ನೀನ ಹೇಳು” ಎಂದು ಮಗ ಕೇಳಬೇಕು. ತಂದೆ ಬೇಡವೆನ್ನಬಹುದು, ಅರ್ಧಕ್ಕೆ ಒಪ್ಪಬಹುದು, ದಾಳಿಂಬೆ ಮಾರಿದ ಮೇಲೆ ನೋಡೋಣ ಎನ್ನಬಹುದು. ವ್ಯಾಟು, ಹರ್ಟ್ಜುಗಳು ಅವನಿಗೆ ತಿಳಿಯದಿರಬಹುದು. ಆದರೆ ಹಲ್ಲು ನೋಡಿ ಎತ್ತು ಕೊಂಡವನಿಗೆ, ಮಗ ಏನನ್ನು ನೋಡಿ ಬಂದಿದ್ದಾನೆ ಎಂಬುದು ತಿಳಿಯದೆ ಇರುವುದಿಲ್ಲ.